4 ಎಕರೆ ಮಾವಿನ ತೋಟಕ್ಕೆ ಕೂತು ಓಡಿಸುವ ಹುಲ್ಲಿನ ಮಷಿನ್: ಯಾವುದು ಬಾಳಿಕೆ ಬರುತ್ತೆ?

ಕಲಘಟಗಿ ರಸ್ತೆ ತೋಟ

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಕಲಘಟಗಿಗೆ ಹೋಗುವ ದಾರಿಯಲ್ಲಿ ನಮ್ಮದು 4 ಎಕರೆ ಆಪೂಸ್ ತೋಟ. ಮಸಾರಿ ಮಣ್ಣು, ಮೇಲಿನ ಅರ್ಧಕ್ಕೆ ಗರಸು ಜಾಸ್ತಿ. ಗಿಡದಿಂದ ಗಿಡಕ್ಕೆ 30 ಅಡಿ ಇದೆ. ಮೃಗಶಿರಾ ಮಳೆ ಬಿದ್ದು ಹದಿನೈದು ದಿನಕ್ಕೆ ಹುಲ್ಲು ಮೊಣಕಾಲಿಗೆ ಬರುತ್ತೆ, ಶ್ರಾವಣಕ್ಕೆ ಸೊಂಟ ಮುಟ್ಟುತ್ತೆ. ನಡುವೆ ಅಲ್ಲಲ್ಲಿ ಕಾಂಗ್ರೆಸ್ ಕಸ.

ಇಷ್ಟು ವರ್ಷ ಊರಿನ ಇಬ್ಬರು ಹುಡುಗರು ಬ್ರಶ್ ಕಟರ್ ತಂದು ಹೊಡೆದು ಕೊಡುತ್ತಿದ್ದರು. ಒಂದು ಸಲಕ್ಕೆ 5 ದಿನ, ಮಳೆಗಾಲದಲ್ಲಿ 3 ಸಲ. ಹೋದ ವರ್ಷ ಇಬ್ಬರೂ ಹುಬ್ಬಳ್ಳಿಯಲ್ಲಿ ಕೆಲಸ ಹಿಡಿದರು. ಬೇರೆ ಯಾರೂ ಸಿಗಲಿಲ್ಲ. ನಮ್ಮ ಮಾವನವರಿಗೆ 76 ವರ್ಷ. ದಿನಾ ಬೆಳಿಗ್ಗೆ ಬಾವಿವರೆಗೆ ನಡೆದು ಹೋಗಿ ಮೋಟರ್ ಚಾಲೂ ಮಾಡಿ ಬರುತ್ತಾರೆ. ಆಗಸ್ಟ್‌ನಲ್ಲಿ ಆ ಕಾಲುದಾರಿಯ ಅಂಚಿನ ಹುಲ್ಲಿನಲ್ಲಿ ಕೊಳಕುಮಂಡಲ ಮಲಗಿತ್ತು. ಅದಕ್ಕೂ ಅವರ ಚಪ್ಪಲಿಗೂ ಒಂದು ಮೊಳ ಅಂತರ. ಅವತ್ತಿನಿಂದ ಅವರು ವಾಪಸ್ ಬರುವವರೆಗೆ ನಾನು ಅಡುಗೆಮನೆ ಕಿಟಕಿ ಬಿಟ್ಟು ಕದಲುವುದಿಲ್ಲ.

ಮಷಿನ್ ನಾನೇ ಓಡಿಸಬೇಕು ಅಂತಿದ್ದೇನೆ. ಕಾರು ಓಡಿಸಿ ಅಭ್ಯಾಸ ಇದೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 42 ಇಂಚಿನ ರೈಡಿಂಗ್ ಮೋವರ್ ತೋರಿಸಿದರು. ಎಷ್ಟು ಎಚ್‌ಪಿ ಅಂತ ಹೇಳಿದರೇ ಹೊರತು ಬೇರೆ ಯಾವುದಕ್ಕೂ ಸರಿಯಾಗಿ ಉತ್ತರ ಬರಲಿಲ್ಲ. ನಾವು ಒಂದೇ ಸಲ ದುಡ್ಡು ಹಾಕುವವರು, 15 ವರ್ಷ ಬರಬೇಕು. ಏನು ನೋಡಿ ತಗೋಬೇಕು? ಓಡಿಸಿದವರು ದಯವಿಟ್ಟು ಹೇಳಿ.

ಹಾನಗಲ್ ಅಡಿಕೆ

ಅಕ್ಕಾ, ನನ್ನ ಹತ್ತಿರ 42 ಇಂಚಿನದೇ ಇದೆ, ಇದು ಏಳನೇ ಮಳೆಗಾಲ. ಮನೆ ಮುಂದಿನ ಬಯಲು, ಮಕ್ಕಳು ಆಡುವ ಜಾಗ, ತೋಟದ ದಾರಿ ಎಲ್ಲ ಅದರಲ್ಲೇ. ಹುಲ್ಲು ಗೇಣುದ್ದ ಇದ್ದಾಗ ಗಂಟೆಗೆ ಒಂದು ಎಕರೆಗಿಂತ ಸ್ವಲ್ಪ ಜಾಸ್ತಿ ಆಗುತ್ತೆ. ಕೆಲಸ ನೋಡಿದರೆ ಖುಷಿ ಆಗುತ್ತೆ.

ಆದರೆ ಎರಡನೇ ವರ್ಷ ಆದದ್ದು ಹೇಳಬೇಕು. ಮನೆಯಲ್ಲಿ ಮದುವೆ ಇತ್ತು, ಒಂದು ತಿಂಗಳು ಆ ಕಡೆ ಹೋಗಲಿಲ್ಲ. ಹುಲ್ಲು ತೊಡೆವರೆಗೆ ಬಂದಿತ್ತು. ಹಾಗೇ ಒಳಗೆ ನುಗ್ಗಿಸಿದೆ. ಮೊದಲು ಬೆಲ್ಟ್ ಸುಟ್ಟ ವಾಸನೆ ಬಂತು. ನಾಲ್ಕು ಮಾರು ಹೋಗುವುದರೊಳಗೆ ಹುಲ್ಲಿನಡಿ ಇದ್ದ ಕಲ್ಲಿಗೆ ಬ್ಲೇಡ್ ಬಡಿಯಿತು. ಕೂತ ಸೀಟೇ ನಡುಗಿತು. ಇಳಿದು ಕೆಳಗೆ ನೋಡಿದರೆ ಬ್ಲೇಡಿನ ಒಂದು ತುದಿ ಮೇಲಕ್ಕೆ ಬಾಗಿದೆ, ಕೈಯಲ್ಲಿ ತಿರುಗಿಸಿದರೆ ಸ್ಪಿಂಡಲ್ (ಬ್ಲೇಡ್ ತಿರುಗಿಸುವ ಶಾಫ್ಟ್, ಬೇರಿಂಗ್ ಇರುವ ಭಾಗ) ಕರಕರ ಅನ್ನುತ್ತೆ. ಶಾಫ್ಟ್ ಬಾಗಿತ್ತು. ಮಾರಿದವರು ವಾರದಲ್ಲಿ ಸಾಮಾನು ತರಿಸುತ್ತೇವೆ ಅಂದರು. ಬಂದದ್ದು 70 ದಿನಕ್ಕೆ. ಅಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು.

ಲಾನ್ ಮೋವರ್‌ನ ಬ್ಲೇಡನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಕಲ್ಲು ತಾಗಿದರೆ ಅದು ಹಿಂದೆ ಸರಿಯುವುದಿಲ್ಲ, ಪೆಟ್ಟೆಲ್ಲ ಶಾಫ್ಟಿಗೇ. ಮೇಲೆತ್ತಿದರೂ ಸುಮಾರು 4 ಇಂಚು ಎತ್ತರಕ್ಕಷ್ಟೇ ಕತ್ತರಿಸುತ್ತೆ. ಪದೇಪದೇ ಕತ್ತರಿಸಿ ಗಿಡ್ಡ ಇಟ್ಟುಕೊಂಡ ಹುಲ್ಲಿಗೆ ಅಂತ ಮಾಡಿದ ಮಷಿನ್ ಅದು. ಸೊಂಟದುದ್ದ ಕಸಕ್ಕೆ ಅಲ್ಲ.

ಆದರೂ ಅದೇ ಬೇಕು ಅಂದರೆ ಅಂಗಡಿಯಲ್ಲಿ ನೆಲದ ಮೇಲೆ ಕೂತು ಮಷಿನ್‌ನ ಹೊಟ್ಟೆ ನೋಡಿ. ಡೆಕ್, ಅಂದರೆ ಬ್ಲೇಡಿನ ಮೇಲಿನ ಮುಚ್ಚಳ, ಒಂದೇ ತಗಡನ್ನು ಒತ್ತಿ ಮಾಡಿದ್ದಾ, ದಪ್ಪ ಪ್ಲೇಟ್ ವೆಲ್ಡ್ ಮಾಡಿದ್ದಾ? ವೆಲ್ಡ್ ಮಾಡಿದ್ದು, 10 ಅಥವಾ 11 ಗೇಜ್, ಅಂದರೆ 3 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಬಾಳುತ್ತೆ. ಗೇಜ್ ನಂಬರ್ ಕಡಿಮೆ ಆದಷ್ಟೂ ಪ್ಲೇಟ್ ದಪ್ಪ. ನನ್ನದು ಒತ್ತಿ ಮಾಡಿದ್ದು. ಒದ್ದೆ ಹುಲ್ಲು ಮೆತ್ತಿಕೊಂಡ ಮೂಲೆಯಲ್ಲಿ ಹೋದ ವರ್ಷ ಹೆಬ್ಬೆರಳು ಒತ್ತಿದೆ, ತುಕ್ಕಿನ ಹಾಳೆ ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ಸ್ಪಿಂಡಲ್‌ಗೆ ಗ್ರೀಸ್ ತುಂಬುವ ನಿಪ್ಪಲ್ ಇದೆಯಾ ನೋಡಿ. ಮುಂದಿನ ಆಕ್ಸಲ್ ಬೀಡು ಕಬ್ಬಿಣದ್ದೇ ಇರಲಿ. ಎಂಜಿನ್‌ಗೆ ಬದಲಾಯಿಸುವ ಆಯಿಲ್ ಫಿಲ್ಟರ್ ಇರಬೇಕು. ಹೈಡ್ರೋಸ್ಟ್ಯಾಟಿಕ್ (ಆಯಿಲ್ ಒತ್ತಡದಿಂದ ಚಕ್ರ ತಿರುಗಿಸುವ) ಗೇರ್‌ಬಾಕ್ಸ್ ಆದರೆ ಅದರ ಆಯಿಲ್, ಫಿಲ್ಟರ್ ಬದಲಾಯಿಸಲು ಬರುತ್ತಾ ಕೇಳಿ. ಕಡಿಮೆ ಬೆಲೆಯದರಲ್ಲಿ ಅದನ್ನು ಮುಚ್ಚಿಬಿಟ್ಟಿರುತ್ತಾರೆ, ಕೆಟ್ಟರೆ ಪೂರ್ತಿ ಹೊಸದೇ ಹಾಕಬೇಕು.

ಮತ್ತೆ ಒಂದು ಬ್ಲೇಡ್ ಜೋಡಿ, ಒಂದು ಬೆಲ್ಟ್, ಒಂದು ಸ್ಪಿಂಡಲ್ ಮಷಿನ್ ಜೊತೆಗೇ ತಂದು ಮನೆಯಲ್ಲಿಡಿ. 70 ದಿನ ಕಾದವನ ಮಾತು ಇದು.

ಗದಗ ವರ್ಕ್‌ಶಾಪ್

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಮ್ಮಲ್ಲಿಗೆ ಬರುವ ಇಂಥ ಮಷಿನ್‌ಗಳಲ್ಲಿ ಅರ್ಧಕ್ಕೆ ಕಾರ್ಬೊರೇಟರ್ ತೊಂದರೆ. ಈಗ ಬಂಕ್‌ನಲ್ಲಿ ಸಿಗುವುದು 20 ಪರ್ಸೆಂಟ್ ಎಥೆನಾಲ್ ಸೇರಿದ ಪೆಟ್ರೋಲ್. ಇಂಥ ಎಂಜಿನ್ ಮಾಡುವವರು ಹೆಚ್ಚಾಗಿ 10 ಪರ್ಸೆಂಟ್‌ವರೆಗೆ ಮಾತ್ರ ಒಪ್ಪುತ್ತಾರೆ. ಕೊಳ್ಳುವ ಮೊದಲು ಪುಸ್ತಕದಲ್ಲಿ ಎಷ್ಟು ಬರೆದಿದೆ ನೋಡಿ. ದೀಪಾವಳಿ ನಂತರ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಇಡಿ. ತುಂಬಿಟ್ಟರೆ ಜೂನ್‌ನಲ್ಲಿ ಸ್ಟಾರ್ಟ್ ಆಗೋದು ಕಷ್ಟ.

ನಿಮ್ಮ ತೋಟಕ್ಕೆ ನಾನಾದರೆ 24 ಎಚ್‌ಪಿ ಮಿನಿ ಟ್ರ್ಯಾಕ್ಟರ್, ಹಿಂದೆ 4 ಅಡಿ ಸ್ಲ್ಯಾಷರ್ (ಟ್ರ್ಯಾಕ್ಟರ್‌ಗೆ ಜೋಡಿಸಿ ಎತ್ತರದ ಹುಲ್ಲು ಹೊಡೆಯುವ ಸಲಕರಣೆ) ಹಾಕುತ್ತೇನೆ. ನಾಲ್ಕೂ ಚಕ್ರಕ್ಕೆ ಎಳೆತ ಇರುವುದನ್ನೇ ತಗೊಳ್ಳಿ. ಸ್ಲ್ಯಾಷರ್‌ನ ಬ್ಲೇಡ್ ಒಂದೇ ಬೋಲ್ಟಿನ ಮೇಲೆ ತೂಗಾಡುತ್ತೆ, ಕಲ್ಲು ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುತ್ತೆ. ಡೀಸೆಲ್ ಆದ್ದರಿಂದ ಎಥೆನಾಲ್ ಚಿಂತೆ ಇಲ್ಲ. ಕೆಟ್ಟರೆ ಟ್ರ್ಯಾಕ್ಟರ್ ಮೇಸ್ತ್ರಿ ಯಾವ ಊರಲ್ಲೂ ಸಿಗುತ್ತಾನೆ. ಬಾಳಿಕೆ ಅಂದರೆ ನನಗೆ ಅದೇ.

ಇಳಿಜಾರು ಎಷ್ಟಿದೆ ಅಂತ ನೀವು ಬರೆದಿಲ್ಲ. ರೈಡಿಂಗ್ ಮೋವರ್‌ಗೆ 15 ಡಿಗ್ರಿ ಮೇಲೆ ಬೇಡ, ಅಂದರೆ 10 ಅಡಿಗೆ ಎರಡೂವರೆ ಅಡಿ ಏರು. ಏರಿಗೆ ನೇರ ಮೇಲೆ ಕೆಳಗೆ ಓಡಿಸಬೇಕು, ಅಡ್ಡ ಓಡಿಸಬಾರದು. ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತೆ, ಬ್ಲೇಡ್ ತಿರುಗುತ್ತಿರುವಾಗ ಎದ್ದರೆ ಎಂಜಿನ್ ಬಂದ್ ಆಗುತ್ತೆ. ಕಿರಿಕಿರಿ ಅಂತ ಅದರ ವೈರ್ ಜೋಡಿಸಿ ಕೊಡುವವರು ಇದ್ದಾರೆ, ಯಾರು ಹೇಳಿದರೂ ಒಪ್ಪಬೇಡಿ.

ಆಪೂಸ್ ಗೆಳೆಯ

ಟ್ರ್ಯಾಕ್ಟರ್ ಬಂತು ಅಂತ ಮಣ್ಣು ಅಗೆದು ಪುಡಿ ಮಾಡುವ ರೋಟಾವೇಟರ್ ಹಾಕಬೇಡಿ ಅಕ್ಕಾ. ಮಾವಿನ ಸಣ್ಣ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತೆ, ಕತ್ತರಿಸಿ ಹೋಗುತ್ತೆ. ಸ್ಲ್ಯಾಷರ್ ಹೊಡೆದ ಹುಲ್ಲು ಅಲ್ಲೇ ಬಿದ್ದರೆ ನೆಲಕ್ಕೆ ಹೊದಿಕೆ ಆಗುತ್ತೆ. ಕಾಂಗ್ರೆಸ್ ಕಸವನ್ನು ಮಾತ್ರ ಹೂ ಬರುವ ಮೊದಲು, ಮಣ್ಣು ಹಸಿ ಇದ್ದಾಗ, ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಿಸಿ. ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತೆ.

ಕೊಳ್ಳುವ ಮೊದಲು ಒಂದು ಮಳೆಗಾಲ ಬಾಡಿಗೆಗೆ ತಂದು ನೋಡಿ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಇರುತ್ತೆ, ಅಲ್ಲಿ ಬೇರೆ ಬೇರೆ ಕಂಪನಿ ಮಷಿನ್ ಒಂದೇ ಕಡೆ ನೋಡಬಹುದು.

ಕಲಘಟಗಿ ರಸ್ತೆ ತೋಟ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಾವನವರ ಜೊತೆ ಟ್ಯೂಬ್ ಲೆವೆಲ್ ಹಿಡಿದು ಅಳೆದೆ. ಗರಸಿನ ಕಡೆ 10 ಅಡಿಗೆ ಒಂದೂಮುಕ್ಕಾಲು ಅಡಿ ಏರು, ಕೆಳಗೆ ಹೆಚ್ಚುಕಡಿಮೆ ಸಮ. ಕೊಂಬೆಗಳು ಸುಮಾರು 5 ಅಡಿಗೆ ಬಾಗಿವೆ. ಟ್ರ್ಯಾಕ್ಟರ್ ಮೇಲೆ ಕೂತರೆ ತಲೆಗೆ ತಾಗುತ್ತವೆ, ಅದಕ್ಕೆ ನಡುವಿನ ಸಾಲಿನಲ್ಲಿ ಮಾತ್ರ ಓಡಿಸಿ ಬುಡದ ಸುತ್ತ ಬ್ರಶ್ ಕಟರ್ ಅಂತ ತೀರ್ಮಾನ ಮಾಡಿದೆವು.

ಹಾನಗಲ್ ಅಣ್ಣ ಬರೆದದ್ದು ಓದಿ ಅಂಗಡಿಗೆ ಮತ್ತೆ ಹೋಗಿ ನೆಲದ ಮೇಲೆ ಕೂತು ನೋಡಿದೆ. ಡೆಕ್ ಒತ್ತಿದ ತಗಡು, ನಿಪ್ಪಲ್ ಇಲ್ಲ. ಬಿಟ್ಟು ಬಂದೆ. ಈ ವರ್ಷ ಮಿನಿ ಟ್ರ್ಯಾಕ್ಟರ್, ಸ್ಲ್ಯಾಷರ್ ಬಾಡಿಗೆಗೆ ಹೇಳುತ್ತೇವೆ. ನಾನೂ ಪಕ್ಕದಲ್ಲಿ ನಿಂತು ಓಡಿಸೋದು ಕಲಿಯುತ್ತೇನೆ. ಅಲ್ಲಿಯವರೆಗೆ ಬಾವಿಯ ದಾರಿಗೆ ಎರಡೂ ಕಡೆ 6 ಅಡಿ ಹುಲ್ಲು ನಾನೇ ಹೊಡೆದಿದ್ದೇನೆ. ಮಾವನವರಿಗೆ ಮೊಣಕಾಲುದ್ದದ ಗಮ್ ಬೂಟ್ ತಂದುಕೊಟ್ಟೆ, ಇವತ್ತು ಬೆಳಿಗ್ಗೆ ಹಾಕಿಕೊಂಡೇ ಹೋದರು.