ಟ್ರ್ಯಾಕ್ ‘ಫ್ರೀಜ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಹೊಸಬರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪ್ಲಗಿನ್‌ಗಳು (ದನಿಗೆ ಎಫೆಕ್ಟ್ ಸೇರಿಸುವಂಥ ಪುಟ್ಟ ತಂತ್ರಾಂಶಗಳು) ಜಾಸ್ತಿಯಾಗಿ ಪ್ರೊಸೆಸರ್ ಏದುಸಿರು ಬಿಟ್ಟಾಗ, ದನಿ ಪಟಪಟ ಅಂತ ಒಡೆದು ಕೇಳಿಸಿದಾಗ ಏನು ಮಾಡಬೇಕು ಅನ್ನುವ ಭಾಗಕ್ಕೆ ಬಂದು ನಿಂತಿದ್ದೇನೆ. ಬಫರ್ (ದನಿಯನ್ನು ಒಂದಿಷ್ಟು ಕೂಡಿಟ್ಟುಕೊಳ್ಳುವ ಜಾಗ), ಸ್ಯಾಂಪಲ್ (ದನಿಯ ಒಂದೊಂದು ಅಳತೆ) ಹಾಗೇ ಇರಲಿ, ಅವಕ್ಕೆ ಪದ ಹುಡುಕುವುದು ಸುಮ್ನೆ ಹಟ. ಲೇಟೆನ್ಸಿಗೆ ‘ತಡ’ ಸಾಕು: ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ 128 ಸ್ಯಾಂಪಲ್‌ನ ಬಫರ್ ಇಟ್ಟರೆ ಸುಮಾರು 3 ಮಿಲಿಸೆಕೆಂಡ್ ತಡ, 1024 ಇಟ್ಟರೆ 23.

ಸಿಕ್ಕಿಕೊಂಡಿರುವುದು ಫ್ರೀಜ್‌ನಲ್ಲಿ. ಟ್ರ್ಯಾಕಿನ ದನಿಯನ್ನು ಎಫೆಕ್ಟ್ ಸಮೇತ ಒಂದು ಆಡಿಯೊ ಫೈಲ್ ಮಾಡಿಕೊಂಡು ಪ್ಲಗಿನ್‌ಗಳಿಗೆ ರಜೆ ಕೊಡುವುದು, ಅಷ್ಟೇ. ಆಮೇಲೆ ಆ ಫೈಲ್ ನುಡಿಸಿದರೆ ಸಾಕು, ಲೆಕ್ಕ ಹಾಕುವ ಕೆಲಸವಿಲ್ಲ. ರಿವರ್ಬ್ (ದನಿ ಅನುರಣಿಸುವಂತೆ ಮಾಡುವ ಎಫೆಕ್ಟ್) ಸ್ವಲ್ಪ ತಗ್ಗಿಸಬೇಕು ಅನ್ನಿಸಿದರೆ ಫ್ರೀಜ್ ತೆಗೆದರಾಯಿತು, ಪ್ಲಗಿನ್ ಹಳೆಯ ಸೆಟ್ಟಿಂಗಿನಲ್ಲೇ ಎದ್ದು ಕೂರುತ್ತದೆ. ಹೀಗೆ ವಾಪಸ್ ಬರಬಹುದು ಅನ್ನುವುದು ಪದದಲ್ಲೂ ಕಾಣಬೇಕು, ಅಲ್ವಾ?

‘ಹೆಪ್ಪುಗಟ್ಟಿಸು’ ಮೊದಲು ಹೊಳೆಯಿತು. ನೀರಿಗೆ ಸರಿ, ಕರಗುತ್ತದೆ. ಆದರೆ ಹೆಪ್ಪು ಅಂದಕೂಡಲೇ ನನಗೆ ಹಾಲು ನೆನಪಾಗುತ್ತದೆ, ಮೊಸರಾದದ್ದು ಮತ್ತೆ ಹಾಲಾಗುವುದಿಲ್ಲವಲ್ಲ! ‘ಗಟ್ಟಿ ಮಾಡು’ ಅಂದರೆ ಹಾಡುವವರು ವಾಲ್ಯೂಮ್ ಏರಿಸಿಬಿಡುತ್ತಾರೆ. ‘ಸ್ತಂಭಿಸು’ ಅಂದರೆ ಕಂಪ್ಯೂಟರೇ ನಿಂತುಹೋಯಿತು ಅಂತ ಗಾಬರಿ.

ನನ್ನ ಒಲವು ‘ಕಟ್ಟಿಡು’ ಕಡೆಗೆ. ಕಟ್ಟಿಟ್ಟ ಗಂಟನ್ನು ಬೇಕಾದಾಗ ಬಿಚ್ಚಬಹುದು, ಹಾಗಾಗಿ ಅನ್‌ಫ್ರೀಜ್‌ಗೆ ‘ಬಿಚ್ಚು’ ತಾನಾಗೇ ಸಿಗುತ್ತದೆ. ಪ್ಲಗಿನ್‌ಗಳನ್ನು ಬಿಟ್ಟು ಎಫೆಕ್ಟ್ ಸೇರಿದ ದನಿಯನ್ನಷ್ಟೇ ಉಳಿಸಿಕೊಳ್ಳುವ ಬೌನ್ಸ್‌ಗೆ ‘ಅಚ್ಚು ಹಾಕು’ ಒಪ್ಪುತ್ತದೆ ಅನ್ನಿಸುತ್ತದೆ. ಒಂದೇ ಅಳುಕು, ‘ಹಾಡು ಕಟ್ಟು’ ಅಂದರೆ ಹಾಡು ರಚಿಸು ಅಂತ ಆಗಲೇ ಬಳಕೆಯಲ್ಲಿದೆ. ‘ಗಿಟಾರ್ ಟ್ರ್ಯಾಕ್ ಕಟ್ಟಿಡಿ’ ಅಂತ ಓದಿದರೆ ನಿಮಗೆ ಹೇಗೆ ಕೇಳಿಸುತ್ತದೆ?

ಇನ್ನೊಂದು ತೊಡಕು ‘ಆಫ್ ಮಾಡು’. ಬೈಪಾಸ್ ಒತ್ತಿದರೆ ಎಫೆಕ್ಟ್ ಕೇಳಿಸುವುದಿಲ್ಲ, ಆದರೂ ಕೆಲವು ಪ್ಲಗಿನ್ ಒಳಗೊಳಗೇ ಲೆಕ್ಕ ಹಾಕುತ್ತಲೇ ಇರುತ್ತವೆ. ಹೊರೆ ಇಳಿಯಬೇಕಾದರೆ ಪ್ಲಗಿನ್ ಅನ್ನು ಪೂರ್ತಿ ನಿಲ್ಲಿಸಬೇಕು. ಮಾತಿನಲ್ಲಿ ಎರಡಕ್ಕೂ ಆಫ್ ಅಂತಲೇ ಅನ್ನುತ್ತೇವೆ. ಮೊದಲನೆಯದಕ್ಕೆ ‘ದಾಟಿಸು’, ಎರಡನೆಯದಕ್ಕೆ ‘ನಿಲ್ಲಿಸು’ ಅಂತ ಬರೆದಿದ್ದೇನೆ. ‘ದಾಟಿಸು’ ನನಗೇ ಅಷ್ಟು ಹಿಡಿಸಿಲ್ಲ, ಬೇರೆ ಹೊಳೆದರೆ ಹೇಳಿ.