ಒಂದು ಕಣ್ಣಿನ ಗೆರೆ ಮೇಲೆ, ಇನ್ನೊಂದರದ್ದು ಕೆಳಗೆ. ಐಲೈನರ್ ಕಲಿಯೋದು ಹೇಗೆ?

ಸಕ್ಕರೆನಾಡಿನವಳು:
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಡಿಗ್ರಿ ಕೊನೇ ವರ್ಷ ಓದುತ್ತಿದ್ದೇನೆ. ಇನ್ನು ಮೂರು ವಾರಕ್ಕೆ ನಮ್ಮಕ್ಕನ ಮದುವೆ, ಮೈಸೂರಿನಲ್ಲಿ. ಅಕ್ಕನಿಗೆ ಪಾರ್ಲರ್‌ನವರು ಬರುತ್ತಾರೆ. ನೀನೂ ಮಾಡಿಸಿಕೋ ಅಂತ ಅಮ್ಮ ಹೇಳಿದರು, ಆದರೆ ಅವರು ಹೇಳಿದ ರೇಟು ಕೇಳಿ ಬೇಡ ಅಂದೆ. ನಾನೇ ಕಲಿತು ಹಚ್ಚಿಕೊಳ್ಳುತ್ತೇನೆ ಅಂತ ಜಂಬ ಬೇರೆ ಕೊಚ್ಚಿದೆ. ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ಹೋದ ಭಾನುವಾರ ದೇವರಾಜ ಅರಸು ರಸ್ತೆಗೆ ಹೋಗಿದ್ದಾಗ ಒಂದು ಲಿಕ್ವಿಡ್ ಐಲೈನರ್ ತಂದೆ. ಬಲಗಣ್ಣು ಪರವಾಗಿಲ್ಲ. ಎಡಗಣ್ಣಿಗೆ ಬರುವಷ್ಟರಲ್ಲಿ ಕೈ ನಡುಗಿ ಗೆರೆ ದಪ್ಪ ಆಯಿತು, ಸಮ ಮಾಡೋಣ ಅಂತ ಬಲಗಡೆ ಇನ್ನೊಂದು ಚೂರು, ಮತ್ತೆ ಎಡಗಡೆ ಒಂದು ಚೂರು, ಹೀಗೆ ಮಾಡ್ತಾ ಮಾಡ್ತಾ ಹುಬ್ಬಿನ ಹತ್ತಿರಕ್ಕೆ ಹೋಗಿಬಿಟ್ಟೆ. ತಮ್ಮ ನೋಡಿ "ಯಾರ ಹತ್ರ ಗುದ್ದಿಸ್ಕೊಂಡು ಬಂದೆ?" ಅಂದ.

ಇನ್ನೊಂದು ತೊಂದರೆ ಏನಂದರೆ, ಕಣ್ಣು ತೆರೆದಾಗ ನನ್ನ ರೆಪ್ಪೆಯ ಮೇಲಿನ ಚರ್ಮ ಮಡಚಿಕೊಳ್ಳುತ್ತದೆ, ಹಾಕಿದ ಗೆರೆ ಅದರೊಳಗೆ ಮಾಯ. ಮುಖ ಎಣ್ಣೆ ಎಣ್ಣೆ, ಬೆಳಿಗ್ಗೆ ಹಚ್ಚಿದ ಕಾಡಿಗೆ ಮಧ್ಯಾಹ್ನಕ್ಕೆ ಕಣ್ಣಿನ ಕೆಳಗೆ ಇಳಿದಿರುತ್ತದೆ. ಕನ್ನಡಕ ಮೈನಸ್ 3. ಕೈಯಲ್ಲಿರೋದು 600 ರೂಪಾಯಿ. ಏನು ತಗೊಳ್ಳಲಿ?

ಪಾರ್ಲರ್ ಅಕ್ಕ, ಕುವೆಂಪುನಗರ:
ಮೊದಲು ಆ ಲಿಕ್ವಿಡ್ ಬಾಟಲಿ ಎತ್ತಿ ಬೀರುವಿನೊಳಗೆ ಇಡು ಪುಟ್ಟ. ಕಲಿಯೋರು ಮೊದಲು ಅದನ್ನೇ ತರ್ತಾರೆ, ಯಾಕೋ ಗೊತ್ತಿಲ್ಲ. ಅದು ಒಣಗಿದರೆ ಮುಗಿಯಿತು, ತಿದ್ದೋಕೆ ಆಗಲ್ಲ. ನಿನಗೆ ಬೇಕಾಗಿರೋದು ಮೆತ್ತಗಿನ ವಾಟರ್‌ಪ್ರೂಫ್ ಪೆನ್ಸಿಲ್, ಕಪ್ಪು ಅಥವಾ ಗಾಢ ಕಂದು. ಪೆನ್ಸಿಲ್ ಗೆರೆ ಸೊಟ್ಟ ಆದರೂ ಆಗಲೇ ಬಡ್ಸ್‌ನಿಂದ ಸವರಿಬಿಟ್ಟರೆ ಅದೇ ಒಂದು ಸ್ಟೈಲ್. ಕೈ ಕೂತ ಮೇಲೆ ಬ್ರಷ್‌ನಲ್ಲಿ ಹಚ್ಚುವ ಜೆಲ್, ಆಮೇಲೆ ಸ್ಕೆಚ್ ಪೆನ್ ಥರದ್ದು.

ಗೋಡೆ ಕನ್ನಡಿ ಮುಂದೆ ನಿಂತುಕೊಂಡು ಹಚ್ಚಬೇಡ. ಕೂತ್ಕೋ. ಕನ್ನಡಿಯನ್ನು ಮೇಜಿನ ಮೇಲಿಟ್ಟು ಕೆಳಗೆ ನೋಡು, ರೆಪ್ಪೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಬೆರಳಲ್ಲಿ ಎಳೆದು ಹಚ್ಚಿದರೆ ಬಿಟ್ಟ ತಕ್ಷಣ ಗೆರೆ ಸುಕ್ಕಾಗುತ್ತದೆ. ಮೊಣಕೈ ಮೇಜಿನ ಮೇಲೆ, ಕಿರುಬೆರಳು ಕೆನ್ನೆ ಮೇಲೆ ಊರಿದರೆ ನಡುಕ ಅರ್ಧ ಕಡಿಮೆ. ಒಂದೇ ಏಟಿಗೆ ಗೆರೆ ಎಳೆಯೋಕೆ ನಮಗೇ ಎಷ್ಟೋ ಸಲ ಆಗಲ್ಲ. ರಂಗೋಲಿಗೆ ಚುಕ್ಕಿ ಇಡ್ತೀವಲ್ಲ, ಹಾಗೆ ರೆಪ್ಪೆಗೂದಲಿನ ಬುಡದ ಸಂದಿಯಲ್ಲಿ ಚುಕ್ಕಿ ಇಡ್ತಾ ಹೋಗು, ಆಮೇಲೆ ಸೇರಿಸು.

ಎರಡು ಕಣ್ಣೂ ಸಮ ಆಗಲಿಲ್ಲ ಅಂದರೆ ದಪ್ಪ ಇರೋ ಕಡೆ ಒರೆಸು. ತೆಳ್ಳಗಿರೋ ಕಡೆ ಸೇರಿಸೋಕೆ ಹೋಗಬೇಡ, ನೀನು ಹುಬ್ಬು ಮುಟ್ಟಿದ್ದು ಅದಕ್ಕೇ. ಮುಖದಲ್ಲಿ ಎರಡು ಕಣ್ಣು ಒಂದೇ ಥರ ಯಾರಿಗೂ ಇರಲ್ಲ.

ಎಣ್ಣೆಗೆ: ಹಚ್ಚೋ ಮುಂಚೆ ರೆಪ್ಪೆ ಒರೆಸಿ, ಮೇಲೂ ಕಣ್ಣಿನ ಕೆಳಗೂ ತೆಳ್ಳಗೆ ಪೌಡರ್ ಒತ್ತು.

ಅಗ್ರಹಾರದ ಅಜ್ಜಿಮನೆ:
ಇಷ್ಟೆಲ್ಲ ಯಾಕಮ್ಮ? ನಾವು ರಾತ್ರಿ ಹರಳೆಣ್ಣೆ ದೀಪ ಹಚ್ಚಿ ಮೇಲೆ ಹಿತ್ತಾಳೆ ತಟ್ಟೆ ಕವುಚಿ ಹಾಕುತ್ತಿದ್ದೆವು. ಬೆಳಿಗ್ಗೆ ಮಸಿ ಕೆರೆದು ಒಂದು ತೊಟ್ಟು ಹರಳೆಣ್ಣೆ ಹಾಕಿ ಕಲೆಸಿದರೆ ಕಾಡಿಗೆ. ಮನೆ ಮಂದಿಗೆಲ್ಲ ಅದೇ, ಮಗುವಿಗೂ ಅದೇ.

ಸೋಡಾಬುಡ್ಡಿ:
ಅಮ್ಮ, ಬೇಜಾರು ಮಾಡ್ಕೋಬೇಡಿ. ನಮ್ಮಜ್ಜಿಯೂ ಹೀಗೇ ಮಾಡುತ್ತಿದ್ದರು, ಆ ವಾಸನೆ ಈಗಲೂ ನೆನಪಿದೆ. ಆದರೆ ಎಣ್ಣೆ ಮುಖಕ್ಕೆ ಎಣ್ಣೆ ಕಾಡಿಗೆ ಹಚ್ಚಿದರೆ ಹತ್ತು ಗಂಟೆಗೇ ಕೆನ್ನೆಗೆ ಬರುತ್ತದೆ. ಮಗುವಿನ ಕಣ್ಣಿಗಂತೂ ಯಾವ ಕಾಡಿಗೆಯೂ ಬೇಡ ಅಂತಲೇ ಡಾಕ್ಟರುಗಳು ಹೇಳೋದು, ದೃಷ್ಟಿಬೊಟ್ಟನ್ನು ಕಾಲಿಗೆ ಇಡಿ. ಸಂತೆಯಲ್ಲಿ ಬಿಡಿಯಾಗಿ ಮಾರುವ ಸುರ್ಮಾ ಇನ್ನೂ ಅಪಾಯ, ಕೆಲವದರಲ್ಲಿ ಸೀಸ ಇರುತ್ತದೆ.

ತಂಗಿ, ನಾನೂ ಮೈನಸ್ 5. ಮೈನಸ್ ಗ್ಲಾಸಿನ ಹಿಂದೆ ಕಣ್ಣು ಚಿಕ್ಕದಾಗಿ ಕಾಣುತ್ತದೆ, ಅದರ ಮೇಲೆ ಕೆಳಗಿನ ರೆಪ್ಪೆಯ ಒಳಗೂ ಕಪ್ಪು ತುಂಬಿದರೆ ಕಣ್ಣು ಇನ್ನೂ ಕುಗ್ಗುತ್ತದೆ. ಕೆಳಗೆ ಖಾಲಿ ಬಿಡಿ. ಮೇಲೆ ಗೆರೆ, ಒಂದು ಕೋಟ್ ಮಸ್ಕಾರಾ, ಸಾಕು. ರೆಪ್ಪೆಯ ಅಂಚಿನಲ್ಲಿ ಎಣ್ಣೆ ಗ್ರಂಥಿಗಳ ಸಣ್ಣ ಬಾಯಿಗಳಿವೆ, ದಿನಾ ಅಲ್ಲಿ ಬಣ್ಣ ತುಂಬಿದರೆ ಅವು ಕಟ್ಟಿಕೊಳ್ಳಬಹುದು. ಲೆನ್ಸ್ ಹಾಕೋದಾದರೆ ಮೊದಲು ಲೆನ್ಸ್, ಆಮೇಲೆ ಮೇಕಪ್. ರಾತ್ರಿ ತೆಗೆಯುವಾಗಲೂ ಮೊದಲು ಲೆನ್ಸ್.

ಅಂಗಡಿಯಲ್ಲಿ ಟೆಸ್ಟರ್ ಕಣ್ಣಿಗೆ ಹಚ್ಚಬೇಡಿ, ಕೈ ಮೇಲೆ ಎಳೆದು ನೋಡಿ. ನಾನು ಒಂದು ಕಡೆ ಹಚ್ಚಿ ನೋಡಿ ಎರಡೇ ದಿನಕ್ಕೆ ರೆಪ್ಪೆ ಊದಿ, ಒಂದು ವಾರ ಕಪ್ಪು ಕನ್ನಡಕ ಹಾಕಿಕೊಂಡು ಆಫೀಸಿಗೆ ಹೋದೆ. ಮಸ್ಕಾರಾ ತೆರೆದ ಮೂರು ತಿಂಗಳಿಗೆ ಬಿಸಾಕಬೇಕು. ಡಬ್ಬಿ ಮೇಲೆ ಮುಚ್ಚಳ ತೆಗೆದ ಡಬ್ಬಿಯ ಚಿತ್ರ ಇದ್ದು 6ಎಂ ಅಂತ ಬರೆದಿದ್ದರೆ, ತೆರೆದ ಮೇಲೆ ಆರು ತಿಂಗಳು ಅಂತ ಅರ್ಥ.

ಗೆಜ್ಜೆ:
ಮಡಚೋ ರೆಪ್ಪೆ ನನ್ನದೂ. ಭರತನಾಟ್ಯಕ್ಕೆ ಹನ್ನೆರಡು ವರ್ಷದಿಂದ ನಾನೇ ಕಣ್ಣು ಬರೆದುಕೊಳ್ಳುತ್ತೇನೆ. ಅಲ್ಲಿ ಗೆರೆ ಹೊರಗೆ ಅಷ್ಟುದ್ದ ಎಳೆಯೋದು ಕೊನೇ ಸಾಲಿನಲ್ಲಿ ಕೂತವರಿಗೂ ಕಣ್ಣು ಕಾಣಲಿ ಅಂತ. ಅದನ್ನೇ ಮದುವೆ ಮನೆಗೆ ಹಾಕಿಕೊಂಡು ಹೋಗಿ ಒಂದು ಸಲ ನಗೆಪಾಟಲಾಗಿದ್ದೇನೆ.

ಚುಕ್ಕಿಯೆಲ್ಲ ಕೆಳಗೆ ನೋಡಿಕೊಂಡೇ ಇಡಿ. ಹೊರಗಿನ ತುದಿಯನ್ನು ಮಾತ್ರ ಕಣ್ಣು ಪೂರ್ತಿ ತೆರೆದು, ನೇರ ನೋಡುತ್ತಾ ಗುರುತು ಮಾಡಿ. ಮಡಿಕೆ ಎಲ್ಲಿ ಮುಗಿಯುತ್ತದೋ ಅದರ ಆಚೆ ಒಂದು ಚುಕ್ಕಿ, ಅಲ್ಲಿಂದ ಒಳಕ್ಕೆ ಸೇರಿಸಿಕೊಂಡು ಬನ್ನಿ. ಕಣ್ಣು ಮುಚ್ಚಿದಾಗ ವಂಕಿಯಾಗಿ ಕಾಣುತ್ತದೆ, ಕಾಣಲಿ ಬಿಡಿ. ಮಧ್ಯದಲ್ಲಿ ಕೂದಲೆಳೆಯಷ್ಟು ತೆಳ್ಳಗಿರಲಿ, ದಪ್ಪ ಮಾಡಿದರೆ ಇರೋ ರೆಪ್ಪೆಯನ್ನೂ ಅದೇ ನುಂಗುತ್ತದೆ. ಕೆಲವರು ಸೆಲೋಟೇಪ್ ಅಂಟಿಸಿ ಎಳೆಯಿರಿ ಅಂತಾರೆ. ನನಗಂತೂ ಕೀಳುವಾಗ ಚರ್ಮ ಉರಿಯಿತು.

ಸಕ್ಕರೆನಾಡಿನವಳು:
ಅಕ್ಕಂದಿರಾ, ನಾಲ್ಕು ದಿನ ಆಯಿತು. ದಿನಾ ರಾತ್ರಿ ಊಟ ಆದ ಮೇಲೆ ಹಚ್ಚೋದು, ತೊಳೆಯೋದು. ಚುಕ್ಕಿ ಬಂತು! ಹೊರಗಿನ ಬಾಲ ಮಾತ್ರ ಇನ್ನೂ ಎಡಗಡೆ ಕೊಂಚ ಕೆಳಗೆ, ಸದ್ಯಕ್ಕೆ ಅದನ್ನು ಬಿಟ್ಟೇಬಿಟ್ಟೆ. ವಾಟರ್‌ಪ್ರೂಫ್ ಪೆನ್ಸಿಲ್ ತೊಳೆದರೂ ಹೋಗುತ್ತಿಲ್ಲ, ಉಜ್ಜಿ ಉಜ್ಜಿ ಕಣ್ಣು ಕೆಂಪಾಯಿತು. ಆಮೇಲೆ ಸೀರೆ ಮೈಸೂರು ಸಿಲ್ಕ್, ಗಿಳಿಹಸಿರು, ಜರಿ ಅಂಚು. ಕಣ್ಣಿಗೂ ಹಸಿರು ಹಚ್ಚಲಾ?

ಪಾರ್ಲರ್ ಅಕ್ಕ, ಕುವೆಂಪುನಗರ:
ಬೇಡವೇ ಬೇಡ. ಸೀರೆ ಬಣ್ಣವನ್ನೇ ಕಣ್ಣಿಗೆ ಹಚ್ಚಿದರೆ ಸ್ಕೂಲ್ ಡೇ ಡ್ಯಾನ್ಸ್ ಥರ ಆಗುತ್ತದೆ. ಜರಿ ನೋಡಿಕೊಂಡು ಬಣ್ಣ ಆರಿಸು. ಹೊಳಪಿಲ್ಲದ ಕಂದು ಒಂದು, ತಾಮ್ರದ ಬಣ್ಣದ ಶಿಮ್ಮರ್ ಒಂದು. ಕಂದು ಮಡಿಕೆಯ ಮೇಲೆ, ಕಣ್ಣು ತೆರೆದರೂ ಚೂರು ಕಾಣೋ ಹಾಗೆ. ತಾಮ್ರದ್ದು ರೆಪ್ಪೆ ಮಧ್ಯಕ್ಕೆ, ಬೆರಳಲ್ಲೇ ಒತ್ತು. ದೊಡ್ಡ ಪ್ಯಾಲೆಟ್‌ಗೆ ದುಡ್ಡು ಸುರಿಯಬೇಡ, ಅದರಲ್ಲಿರೋ ನೀಲಿ ನೇರಳೆ ಯಾವತ್ತೂ ಮುಟ್ಟಲ್ಲ.

ತೆಗೆಯೋಕೆ ಉಜ್ಜಬಾರದು. ಹತ್ತಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟುಕೊಂಡು ಮೆತ್ತಗೆ ಕೆಳಗೆ ಒರೆಸು. ಆಮೇಲೆ ಫೇಸ್‌ವಾಶ್.

ಅವತ್ತು ಕೆಳಗಿನ ರೆಪ್ಪೆಗೆ ಏನೂ ಹಚ್ಚದಿರೋಕೆ ಇನ್ನೊಂದು ಕಾರಣ ಇದೆ. ಹೋಮದ ಹೊಗೆ ಕಣ್ಣಿಗೆ ಬರುತ್ತದೆ, ಹೆಣ್ಣು ಒಪ್ಪಿಸುವಾಗ ನೀನು ಅತ್ತೇ ಅಳ್ತೀಯ, ಅಳಲ್ಲ ಅನ್ನೋರನ್ನೆಲ್ಲ ನೋಡಿದ್ದೀನಿ. ಕರ್ಚೀಫ್ ಮಡಚಿ ತುದಿಯಲ್ಲಿ ಒತ್ತಿಕೋ, ಅಡ್ಡಡ್ಡ ಒರೆಸಬೇಡ.

ಮೆಂಡರ್ ತಗೊಂಡೆಯಾ? ತಮ್ಮನ ಸ್ಕೂಲ್ ಬಾಕ್ಸಿನದ್ದು ಹಾಕಿದರೆ ಮೆತ್ತಗಿನ ಪೆನ್ಸಿಲ್ ಮುರಿದು ಅದರೊಳಗೇ ಕೂತುಬಿಡುತ್ತದೆ. ದೊಡ್ಡ ತೂತಿನದ್ದು ಬೇರೆ ಸಿಗುತ್ತದೆ, ಕೇಳಿ ತಗೋ.