ಸಹಾಯ ಬೇಕು: ಹಳೆಯ ದಿನಚರಿಯ ‘ಕ್ರೋಧಿ’ ಯಾವ ಇಸವಿ?

ಸಾಗರದ ಸಮೀಪದ ನಮ್ಮ ಮನೆಯ ಅಟ್ಟದಲ್ಲಿ ಸಿಕ್ಕ, ಅಂಚನ್ನು ಗೆದ್ದಲು ತಿಂದಿರುವ ದಿನಚರಿಯೊಂದನ್ನು ಬಂಧುಗಳಿಗೆಲ್ಲ ಹಂಚುವ ಸಲುವಾಗಿ ಟೈಪ್ ಮಾಡುತ್ತಿದ್ದೇನೆ. ಅದರಲ್ಲಿ ಇಸವಿಯೇ ಇಲ್ಲ. ‘ಕ್ರೋಧಿ ಸಂ| ಕಾರ್ತಿಕ ಶು| ೫, ಕೊನೆಕೊಯ್ಲು ಆರಂಭ, ಕೂಲಿ ೦||೦’ ಎಂಬ ಧಾಟಿಯಲ್ಲಿಯೇ ಬರಹ ಸಾಗುತ್ತದೆ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುವುದರಿಂದ ಇದು 1904–05 ಆಗಿರಬಹುದು, 1964–65 ಕೂಡ ಆಗಿರಬಹುದು. ಎರಡು ಗೀಟೆಂದರೆ ಅರ್ಧ ರೂಪಾಯಿ, ಅಂದರೆ ಎಂಟಾಣೆ ಎಂಬುದು ತಿಳಿದಿದೆ. ಆದರೆ 1957ರಲ್ಲಿ ನಯಾಪೈಸೆ ಬಂದ ಮೇಲೂ ನಮ್ಮ ಮನೆಯ ಹಿರಿಯರು ಆಣೆಯ ಲೆಕ್ಕವನ್ನು ಬಿಟ್ಟಿರಲಿಲ್ಲವಾದ್ದರಿಂದ ಅದರಿಂದಲೂ ತೀರ್ಮಾನವಾಗಲಿಲ್ಲ. ಅಕ್ಷರ ಅಜ್ಜನದೆಂದು ಅತ್ತೆ, ಮುತ್ತಜ್ಜನದೆಂದು ದೊಡ್ಡಪ್ಪ. ಇಬ್ಬರೂ ಪಟ್ಟು ಬಿಡುವವರಲ್ಲ. ಒಂದು ಪುಟದಲ್ಲಿ ಮಾತ್ರ ತಿಥಿಯ ಜೊತೆಗೆ ವಾರವೂ ಇದೆ. ಅದನ್ನು ತಾಳೆ ನೋಡೋಣವೆಂದರೆ ಊರಿನ ಪುರೋಹಿತರ ಬಳಿ ಅಷ್ಟು ಹಳೆಯ ಪಂಚಾಂಗವಿಲ್ಲ. 1904–05ರ ಪಂಚಾಂಗ ತಮ್ಮಲ್ಲಿ ಯಾರ ಬಳಿಯಾದರೂ ಇದೆಯೇ, ಇಲ್ಲವಾದರೆ ಶಿವಮೊಗ್ಗದ ಆಸುಪಾಸಿನಲ್ಲಿ ಅದು ಎಲ್ಲಿ ನೋಡಲು ಸಿಗಬಹುದು?